ಕಚ್ಚು ಹೊಂದಿದರೆ ಸಾಲದು

ಲೋಕದಲ್ಲಿ ತಾಳೆ ನೋಡದೆ ನಡೆಯುವ ಕಾರ್ಯಗಳು ಕಡಮೆ. ವಧೂವರರ ಜಾತಕವನ್ನು ತಾಳೆ ನೋಡುತ್ತಾರೆ. ಜಮೆಗೆ ಖರ್ಚನ್ನೂ, ಬೀಗಕ್ಕೆ ಕೀಲಿಯನ್ನೂ ತಾಳೆ ನೋಡುತ್ತಾರೆ. ಆದರೆ ಎಲ್ಲ ತಾಳೆಯೂ ಕಣ್ಣಿಗೆ ಕಾಣತಕ್ಕದ್ದಲ್ಲ. ಕೀಲಿಯು ಬೀಗದೊಳಗೆ ಹೋಯಿತೇ ಎಂಬುದನ್ನು ಮಗುವೂ ಹೇಳಬಲ್ಲುದು. ತಿರುಗೀತೇ ಎಂಬುದನ್ನು ತಿರುಗಿಸಿ ತಿಳಿಯಬೇಕು. ತಿರುಗಿಸುವಾಗ ಒಳಗೇ ಮುರಿದೀತೇ ಎಂಬುದನ್ನು ಮಾತ್ರ ತಿರುಗಿಸುವುದಕ್ಕೆ ಮೊದಲೇ ತಿಳಿದುಕೊಂಡಿರಬೇಕು. ಸಾಗರದ ನಿವೃತ್ತ ಮೇಷ್ಟರೊಬ್ಬರು 2023ರ ಮಳೆಗಾಲದಲ್ಲಿ ಒಂದು ವಾರ ಪಟ್ಟ ಪಾಡು ಈ ಮೂರನೆಯ ತಿಳಿವಳಿಕೆಗೆ ಸೇರಿದ್ದು.

ಮೇಷ್ಟರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನವನ್ನು ಕಲಿಸಿದವರು. ಅವರ ಪತ್ನಿಗೆ ಶಾಲೆಯ ಓದು ಹೆಚ್ಚಿರಲಿಲ್ಲ. ಆದರೆ ಮಲೆನಾಡಿನ ಮನೆಗಳಲ್ಲಿ ಹೆಂಗಸರು ಹೇಳುವ ಮದುವೆಯ ಹಾಡು, ತೊಟ್ಟಿಲ ಹಾಡು, ಆರತಿಯ ಹಾಡುಗಳಲ್ಲಿ ಆಕೆಗೆ ತಿಳಿಯದಿದ್ದುದು ಕಡಮೆ. ಮಗನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ 2014ರಲ್ಲಿ ಒಂದು ಲ್ಯಾಪ್‌ಟಾಪನ್ನು ತಂದುಕೊಟ್ಟನು. ಆಕೆ ಅದರಲ್ಲಿ ಕನ್ನಡ ಬೆರಳಚ್ಚನ್ನು ಕಲಿತು, ಒಂದೊಂದಾಗಿ ಹಾಡುಗಳನ್ನು ಬರೆದಿಡತೊಡಗಿದರು. ಎಂಟು ವರ್ಷಗಳಲ್ಲಿ ಮುನ್ನೂರು ದಾಟಿದುವು. 2022ರ ಶ್ರಾವಣದಲ್ಲಿ ಆಕೆ ತೀರಿಕೊಂಡರು. ವರ್ಷಾಬ್ದಿಕದ ಹೊತ್ತಿಗೆ ಆ ಹಾಡುಗಳನ್ನು ಪುಸ್ತಕವಾಗಿ ಅಚ್ಚು ಮಾಡಿಸಿ ನಂಟರಿಷ್ಟರ ಮನೆಗಳಿಗೆ ಕೊಡಬೇಕೆಂದು ತಂದೆ ಮಕ್ಕಳು ನಿಶ್ಚಯಿಸಿದರು. ತಿದ್ದುವ ಕೆಲಸವನ್ನು ಮೇಷ್ಟರು ಆ ಯಂತ್ರದಲ್ಲಿಯೇ ಮಾಡುತ್ತಿದ್ದರು. ಬೇರೆಯದರಲ್ಲಿ ಮಾಡಬಹುದಾಗಿದ್ದಿತು, ಆದರೆ ಅಕ್ಷರಗಳು ಸವೆದುಹೋಗಿದ್ದ ಆ ಕೀಲಿಮಣೆಯ ಮೇಲಲ್ಲದೆ ಅವರಿಗೆ ಕೈ ಓಡುತ್ತಿರಲಿಲ್ಲ.

ಈ ಹಾಡುಗಳ ಸಂಗ್ರಹಕ್ಕೆ ಮೂಲವಾದುದು ಒಂದು ಅಪರಾಧ. 1979ರಲ್ಲಿ ಅಮೆರಿಕದಿಂದ ಬಂದ ನಂಟರೊಬ್ಬರು ಒಂದು ಟೇಪ್ ರೆಕಾರ್ಡರನ್ನು ಕೊಟ್ಟುಹೋಗಿದ್ದರು. ಮಾರನೆಯ ದಿನ ಅತ್ತೆಯವರಿಂದ ಹಾಡಿಸಿ ಅದರಲ್ಲಿ ಹಿಡಿದಿಡಬೇಕೆಂಬ ಉತ್ಸಾಹದಿಂದ ಮೇಷ್ಟರು ರಾತ್ರಿಯೇ ಪರೀಕ್ಷೆಗೆ ತೊಡಗಿದರು. ಪ್ಲಗ್ಗಿನ ಕಾಲುಗಳು ಹೊಂದಲಿಲ್ಲ. ಪೇಟೆಯಿಂದ ತಂದ ಒಂದು ಮಧ್ಯದ ತುಂಡನ್ನು ಸಿಕ್ಕಿಸಿದ ಕೂಡಲೇ ಹೊಂದಿಕೊಂಡಿತು. ಆ ಯಂತ್ರವು 120 ವೋಲ್ಟಿಗೆ ಮಾಡಿದುದು, ಗೋಡೆಯಲ್ಲಿದ್ದುದು 230. ಒತ್ತಡವು ಇಮ್ಮಡಿಗೆ ಹತ್ತಿರವಾದರೆ ಒಳಗೆ ಏಳುವ ಶಾಖವು ಸುಮಾರು ಮೂರೂವರೆ ಪಾಲಿಗೂ ಮಿಕ್ಕಾಗುವುದೆಂದು ತರಗತಿಯಲ್ಲಿ ವರ್ಷಕ್ಕೊಮ್ಮೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದವರು ಅವರೇ. ಒಂದು ನಿಮಿಷದೊಳಗೆ ಕಮಟು ವಾಸನೆ ಬಂದು, ಯಂತ್ರವು ಮೌನವಾಯಿತು. ಇನ್ನೊಂದನ್ನು ಕೊಳ್ಳುವಷ್ಟು ಹಣ ಕೂಡುವ ಮೊದಲೇ ಅತ್ತೆಯವರು ಕಾಲವಾದರು. ಪತ್ನಿ ಒಂದು ಮಾತನ್ನೂ ಆಡಲಿಲ್ಲ. ಆದರೆ ಗೋಡೆಯ ಆ ಪ್ಲಗ್ಗಿನ ಮೇಲೆ ಒಂದು ಚೀಟಿಯನ್ನು ಅಂಟಿಸಿದರು: ‘ಕೇಳಿ ಹಾಕುವುದು.’ ಸುಣ್ಣ ಬಳಿಯುವಾಗಲೆಲ್ಲ ಅದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ತಾಯಿಯ ಹಾಡುಗಳಲ್ಲಿ ನೆನಪಿದ್ದಷ್ಟನ್ನು ಆಕೆ ಬರೆಯಲು ಹಿಡಿದುದು ಆಗಿನಿಂದ.

ಈಗ ಆ ಲ್ಯಾಪ್‌ಟಾಪು ಮುದಿಯಾಗಿದ್ದಿತು. ಪುಸ್ತಕದ ಪುಟಗಳನ್ನು ತೆರೆದರೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಫಿ ಆರುತ್ತಿದ್ದಿತು. ಅದರಲ್ಲಿದ್ದ ಮೆಮೊರಿ ನಾಲ್ಕು ಜಿಬಿ. ಇನ್ನೊಂದು ಸ್ಲಾಟು ಬರಿದಾಗಿತ್ತು. ಮೇಷ್ಟರು ಇದನ್ನು ಫೋನಿನಲ್ಲಿ ಹೇಳಿದ ಮೂರನೆಯ ದಿನಕ್ಕೆ ಮಗನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಇನ್ನೊಂದು ನಾಲ್ಕು ಜಿಬಿಯ ರ‍್ಯಾಮನ್ನು ಕೊಂಡು ಕೊರಿಯರಿನಲ್ಲಿ ಕಳುಹಿಸಿಬಿಟ್ಟನು. ಕೇಳಿದುದಕ್ಕೆ ಮುಂಚೆಯೇ ಬರುವ ಕೊಡುಗೆಯಲ್ಲಿ ಒಂದು ಸುಖವುಂಟು. ಮೇಷ್ಟರು ಆ ರಾತ್ರಿ ಊಟವಾದ ಬಳಿಕ ದೀಪದ ಕೆಳಗೆ ಚಾಪೆ ಹಾಸಿ, ಯಂತ್ರವನ್ನು ಬೋರಲಾಗಿ ಮಲಗಿಸಿ, ಬ್ಯಾಟರಿಯನ್ನು ತೆಗೆದಿಟ್ಟು, ಮೈಯ ಸ್ಥಿರ ವಿದ್ಯುತ್ತು ಇಳಿದುಹೋಗಲೆಂದು ಲೋಹವನ್ನು ಮುಟ್ಟಿ, ಮುಚ್ಚಳವನ್ನು ಬಿಚ್ಚಿದರು. ಹೊಸ ತುಂಡನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದೊಡನೆ ಎರಡು ಕಡೆಯ ಕೊಕ್ಕೆಗಳೂ ‘ಟಕ್’ ಎಂದು ಹಿಡಿದುಕೊಂಡುವು. ಹಳೆಯದು ಕುಳಿತಂತೆಯೇ ಹೊಸದೂ ಕುಳಿತಿತು.

ಆ ‘ಟಕ್’ ಎಂಬ ಸದ್ದೇ ಅವರನ್ನು ತಡೆಯಿತು. ನಲವತ್ತನಾಲ್ಕು ವರ್ಷಗಳ ಹಿಂದೆ ಗೋಡೆಯ ಪ್ಲಗ್ಗು ಕೂಡ ಹೀಗೆಯೇ ಹೊಂದಿಕೊಂಡಿತ್ತಲ್ಲವೇ? ಅವರು ಗುಂಡಿಯನ್ನು ಒತ್ತದೆ, ಭೂತಗನ್ನಡಿಯನ್ನು ತಂದು, ಎರಡು ತುಂಡುಗಳ ಮೇಲಿನ ಚೀಟಿಗಳನ್ನೂ ಓದಿದರು. ಹಳೆಯದರ ಮೇಲೆ ‘ಪಿಸಿ3ಎಲ್-12800ಎಸ್’ ಎಂದಿದ್ದಿತು. ಹೊಸದರ ಮೇಲೆ ‘ಪಿಸಿ3-12800ಎಸ್’. ಉಳಿದುದೆಲ್ಲವೂ ಒಂದೇ, ‘ಎಲ್’ ಎಂಬ ಒಂದು ಅಕ್ಷರ ಮಾತ್ರ ಇಲ್ಲ. ಅವರು ಹೊಸದನ್ನು ತೆಗೆದು, ಬಂದ ಲಕೋಟೆಯಲ್ಲಿಯೇ ಇಟ್ಟು, ದೀಪ ಆರಿಸಿದರು.

ಆ ಒಂದು ಅಕ್ಷರದ ಅರ್ಥವನ್ನು ತಿಳಿಯಬೇಕಾದರೆ ಈ ವಸ್ತುವಿನ ವಂಶವೃತ್ತಾಂತವನ್ನು ಸ್ವಲ್ಪ ಹೇಳಬೇಕಾಗುತ್ತದೆ. ಕಂಪ್ಯೂಟರಿನ ಈ ಬಗೆಯ ಮೆಮೊರಿಯನ್ನು 1966ರಲ್ಲಿ ಕಲ್ಪಿಸಿದವನು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್; 1968ರಲ್ಲಿ ಅವನಿಗೆ ಅದರ ಪೇಟೆಂಟು ದೊರೆಯಿತು. ಒಂದೊಂದು ಕೋಶದಲ್ಲಿಯೂ ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು. ಅಂದರೆ ಒಂದು ಬಾಗಿಲು, ಒಂದು ಪುಟ್ಟ ಗುಡಾಣ. ಗುಡಾಣದಲ್ಲಿ ವಿದ್ಯುದಂಶವು ತುಂಬಿದ್ದರೆ ಒಂದು ಅಂಕೆ, ಬರಿದಾಗಿದ್ದರೆ ಇನ್ನೊಂದು. ಆದರೆ ಈ ಗುಡಾಣಗಳೆಲ್ಲವೂ ಸೋರತಕ್ಕವು. ಆದುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗಾಗಿ ಎಲ್ಲವನ್ನೂ ಓದಿ ಮತ್ತೆ ತುಂಬಿಸಬೇಕು. ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚಾಗಿ ನೆನಪಿಸದಿದ್ದರೆ ಮರೆತುಹೋಗುವ ನೆನಪು ಇದು. ನಾಲ್ಕು ಜಿಬಿಯ ಒಂದು ತುಂಡಿನಲ್ಲಿ ಇಂಥ ಕೋಶಗಳು 3400 ಕೋಟಿಗೂ ಮಿಕ್ಕಿರುತ್ತವೆ.

ಈ ಗುಡಾಣಗಳನ್ನು ತುಂಬಿಸುವ ಒತ್ತಡವು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದಿದೆ. 1970ರ ದಶಕದ ಪ್ರಸಿದ್ಧವಾದ 4116 ಎಂಬ ಚಿಪ್ಪಿಗೆ ಮೂರು ಬಗೆಯ ಒತ್ತಡ ಬೇಕಾಗಿತ್ತು: ಹನ್ನೆರಡು, ಐದು, ಋಣ ಐದು. ಅನಂತರ ಐದೊಂದೇ ಸಾಕಾಯಿತು. ಎಸ್‌ಡಿರ‍್ಯಾಮಿಗೆ 3.3 ವೋಲ್ಟ್, 2000ದಲ್ಲಿ ನಿಯಮ ಪ್ರಕಟವಾದ ಡಿಡಿಆರ್‌ಗೆ 2.5, 2003ರ ಡಿಡಿಆರ್2ಕ್ಕೆ 1.8, 2007ರ ಡಿಡಿಆರ್3ಕ್ಕೆ 1.5, 2012ರ ಡಿಡಿಆರ್4ಕ್ಕೆ 1.2, 2020ರ ಡಿಡಿಆರ್5ಕ್ಕೆ 1.1. ಕೋಶಗಳು ಸಣ್ಣವಾದಷ್ಟೂ ಅವುಗಳ ನಡುವಣ ತಡೆ ತೆಳುವಾಗುತ್ತದೆ. ಹೆಚ್ಚಿನ ಒತ್ತಡವನ್ನು ತಾಳದು. ಮೇಲಾಗಿ, ವ್ಯಯವಾಗುವ ಶಕ್ತಿಯು ಸ್ಥೂಲವಾಗಿ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಸ್ವಲ್ಪ ಇಳಿಸಿದರೂ ಉಳಿತಾಯವು ದೊಡ್ಡದು. ಹೀಗಾಗಿ 2010ರಲ್ಲಿ ಡಿಡಿಆರ್3ಕ್ಕೆ ಒಬ್ಬ ಮಿತಾಹಾರಿಯಾದ ತಮ್ಮನು ಬಂದನು. ಅವನ ಹೆಸರು ಡಿಡಿಆರ್3ಎಲ್, ಅವನಿಗೆ 1.35 ವೋಲ್ಟ್ ಸಾಕು. 1.5ರಿಂದ 1.35ಕ್ಕೆ ಇಳಿದರೆ ವರ್ಗದ ಲೆಕ್ಕದಲ್ಲಿ ನೂರಕ್ಕೆ ಹತ್ತೊಂಬತ್ತು ಪಾಲು ಉಳಿಯಿತು. ಬ್ಯಾಟರಿಯನ್ನು ನಂಬಿ ಬಾಳುವ ಲ್ಯಾಪ್‌ಟಾಪುಗಳಿಗೆ ಇದು ದೊಡ್ಡ ಉಪಕಾರ. ಚೀಟಿಯ ಮೇಲಿನ ‘ಎಲ್’ ಅಕ್ಷರವು ಈ ತಮ್ಮನ ಗುರುತು.

ಒಂದು ತಲೆಮಾರಿನ ತುಂಡನ್ನು ಇನ್ನೊಂದು ತಲೆಮಾರಿನ ಮದರ್‌ಬೋರ್ಡಿಗೆ ಯಾರೂ ಸಿಕ್ಕಿಸದಂತೆ ಇದನ್ನು ಮಾಡುವವರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ತುಂಡಿನ ಕೆಳ ಅಂಚಿನಲ್ಲಿ ಒಂದು ಕಚ್ಚು. ಸ್ಲಾಟಿನಲ್ಲಿ ಅದಕ್ಕೆ ಸರಿಯಾದ ಒಂದು ಗೂಟ. ಮೇಜಿನ ಕಂಪ್ಯೂಟರಿನ ಡಿಡಿಆರ್2ಕ್ಕೂ ಡಿಡಿಆರ್3ಕ್ಕೂ ಕಾಲುಗಳ ಸಂಖ್ಯೆ 240. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ 288. ಹೀಗೆ ಕಾಲುಗಳು ಸಮವಾದರೂ ಕಚ್ಚಿನ ಸ್ಥಾನವನ್ನು ಬದಲಾಯಿಸಿರುವುದರಿಂದ ಒಂದರ ಮನೆಯಲ್ಲಿ ಇನ್ನೊಂದು ಕೂರದು. ಆದರೆ ಡಿಡಿಆರ್3 ಮತ್ತು ಡಿಡಿಆರ್3ಎಲ್ ಎಂಬ ಅಣ್ಣತಮ್ಮಂದಿರಿಗೆ ಮಾತ್ರ ಕಚ್ಚು ಒಂದೇ. ಲ್ಯಾಪ್‌ಟಾಪಿನ ತುಂಡಿನಲ್ಲಿ ಇಬ್ಬರಿಗೂ 204 ಕಾಲು. ಇದು ಮರೆವಿನಿಂದಾದ ದೋಷವಲ್ಲ. ತಮ್ಮನು 1.35ರಲ್ಲಿಯೂ 1.5ರಲ್ಲಿಯೂ ಬಾಳಬಲ್ಲನು, ಹಾಗೆ ಬಾಳತಕ್ಕದ್ದೆಂದೇ ನಿಯಮ. ಅವನನ್ನು ಹಳೆಯ ಮನೆಗೂ ಹೋಗಗೊಡಬೇಕೆಂದು ಬಾಗಿಲನ್ನು ಒಂದೇ ಮಾಡಿದರು. ಆ ಬಾಗಿಲಿನಿಂದ ಅಣ್ಣನೂ ಹೊಸ ಮನೆಯನ್ನು ಹೊಕ್ಕಾನೆಂಬುದಕ್ಕೆ ಗೂಟದ ಕಾವಲಿಲ್ಲ. ಚೀಟಿಯ ಕಾವಲು ಮಾತ್ರ. ಮಿತದಲ್ಲಿ ಬಾಳುವುದನ್ನು ಕಲಿತವನು ಸಮೃದ್ಧಿಯ ಮನೆಯಲ್ಲಿಯೂ ಇರಬಲ್ಲನು. ಸಮೃದ್ಧಿಗೆ ಒಗ್ಗಿದವನಿಗೆ ಮಿತದ ಮನೆ ಒಗ್ಗುವುದೆಂಬ ಭರವಸೆ ಇಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟರು ಲಕೋಟೆಯನ್ನೂ ಲ್ಯಾಪ್‌ಟಾಪನ್ನೂ ಕೊಡೆಯ ಕೆಳಗೆ ಹಿಡಿದು ಪೇಟೆಗೆ ಹೋದರು. ಅಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದವನು ಅವರ ಹಳೆಯ ಶಿಷ್ಯ. ಅವನು ತುಂಡನ್ನು ಒಂದು ಸಲ ನೋಡಿ ನಕ್ಕನು.

“ಕೂತ್ಕೊಂಡ್ರೆ ಆಯ್ತು ಮೇಷ್ಟ್ರೇ. ಆಗದೆ ಇರೋದಾದ್ರೆ ಕಚ್ಚೇ ಬೇರೆ ಇರ್ತಿತ್ತು.”

“ಮೂರು ವರ್ಷ ನೀನು ಮುಂದಿನ ಬೆಂಚಿನಲ್ಲೇ ಕೂತಿದ್ದೆಯಲ್ಲ ಮಾರಾಯ, ಕೂತ ಮಾತ್ರಕ್ಕೆ ಆಯ್ತೇನು?”

ಶಿಷ್ಯನು ತಲೆ ಕೆರೆದುಕೊಂಡು, ಗುರುಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಲಸಕ್ಕೆ ತೊಡಗಿದನು. ಮೊದಲು ನೋಡಬೇಕಾದುದು ಕೊಡುವವನನ್ನಲ್ಲ, ತಾಳಿಕೊಳ್ಳುವವನನ್ನು. ಅಂದರೆ ಮದರ್‌ಬೋರ್ಡನ್ನೂ ಪ್ರೊಸೆಸರನ್ನೂ. ಯಂತ್ರದ ಕೈಪಿಡಿಯನ್ನು ತೆರೆದು ನೋಡಿದರೆ ಮೆಮೊರಿಯ ಸಾಲಿನಲ್ಲಿ ನಾಲ್ಕು ಸಂಗತಿಗಳಿದ್ದುವು: ಯಾವ ತಲೆಮಾರು, ಎಷ್ಟು ವೋಲ್ಟು, ಒಂದು ಸ್ಲಾಟಿಗೆ ಗರಿಷ್ಠ ಎಷ್ಟು ಜಿಬಿ, ಎಷ್ಟು ವೇಗ. ವೇಗದಲ್ಲಿ ಹೆಚ್ಚು ಕಡಮೆಯಾದರೆ ಸಾಮಾನ್ಯವಾಗಿ ಅಪಾಯವಿಲ್ಲ. ಎರಡೂ ತುಂಡುಗಳು ನಿಧಾನವಾದುದರ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. ವೋಲ್ಟೇಜಿನಲ್ಲಿ ಅಂಥ ಸೌಜನ್ಯವಿಲ್ಲ. ಕೈಪಿಡಿಯು ‘ಡಿಡಿಆರ್3ಎಲ್, 1.35 ವೋಲ್ಟ್’ ಎಂದು ಹೇಳಿ ಸುಮ್ಮನಾಗಿತ್ತು, 1.5ರ ಹೆಸರನ್ನೇ ಎತ್ತಿರಲಿಲ್ಲ. ಆ ಬೋರ್ಡು ಕೊಡಬಲ್ಲ ಒತ್ತಡ ಅದೊಂದೇ.

ಎರಡನೆಯದಾಗಿ ತುಂಡಿನ ಜಾತಕ. ಪ್ರತಿಯೊಂದು ರ‍್ಯಾಮಿನ ಮೇಲೆಯೂ ಎಸ್‌ಪಿಡಿ ಎಂಬ ಸಣ್ಣದೊಂದು ಚಿಪ್ಪು ಇರುತ್ತದೆ. ತಾನು ಯಾರು, ಎಷ್ಟು ದೊಡ್ಡವನು, ಎಷ್ಟು ವೇಗದವನು ಎಂಬುದನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಯಂತ್ರವು ಏಳುವಾಗ ಬೋರ್ಡು ಮೊದಲು ಅದನ್ನು ಓದಿಕೊಳ್ಳುತ್ತದೆ. ಡಿಡಿಆರ್3ರ ಜಾತಕದಲ್ಲಿ ಸೊನ್ನೆಯಿಂದ ಎಣಿಸಿದರೆ ಆರನೆಯ ಬೈಟು ವೋಲ್ಟೇಜಿನದು. ಶಿಷ್ಯನ ಬಳಿ 2011ರ ಒಂದು ಹಳೆಯ ಲ್ಯಾಪ್‌ಟಾಪು ಇದ್ದಿತು, ಅದು 1.5 ವೋಲ್ಟಿನ ಮನೆ. ಅದರಲ್ಲಿ ಎರಡು ತುಂಡುಗಳನ್ನೂ ಒಂದಾದ ಮೇಲೊಂದರಂತೆ ಹಾಕಿ, ಸಿಪಿಯು-ಝಡ್ ಎಂಬ ತಂತ್ರಾಂಶದಿಂದ ಜಾತಕವನ್ನು ಓದಿಸಿದನು. ಮಿತಾಹಾರಿಯ ಪಟ್ಟಿಯಲ್ಲಿ 1.35 ಎಂದು ಕಂಡಿತು. ಮಗನು ಕಳುಹಿಸಿದುದರಲ್ಲಿ 1.50. ಚೀಟಿ ಹೇಳಿದುದನ್ನೇ ಜಾತಕವೂ ಹೇಳಿತು.

“ಆದ್ರೂ ಎಷ್ಟೋ ಕಡೆ ನಡೆದಿದೆ ಮೇಷ್ಟ್ರೇ. ಒಂದ್ಸಲ ನೋಡೇಬಿಡೋಣ,” ಎಂದನು ಶಿಷ್ಯ.

ಮೇಷ್ಟರಿಗೂ ಮನಸ್ಸಿನ ಒಂದು ಮೂಲೆಯಲ್ಲಿ ಅದೇ ಆಸೆಯಿತ್ತು. ನಡೆದರೆ ಮಗನಿಗೆ ಏನನ್ನೂ ಹೇಳಬೇಕಾಗಿಲ್ಲ. ಅವರು ಒಂದು ಷರತ್ತನ್ನು ಹಾಕಿದರು: ಹಾಡುಗಳಿರುವ ಡಿಸ್ಕನ್ನು ಮೊದಲು ಹೊರಗೆ ತೆಗೆಯಬೇಕು. ಶಿಷ್ಯನು ಡಿಸ್ಕನ್ನು ತೆಗೆದು ಅವರ ಕೈಗೆ ಕೊಟ್ಟನು. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಹೊಸ ತುಂಡೊಂದನ್ನೇ ಯಂತ್ರಕ್ಕೆ ಹಾಕಿ ಗುಂಡಿಯನ್ನು ಒತ್ತಿದರೆ, ಆಶ್ಚರ್ಯ! ಪರದೆ ಬೆಳಗಿತು, ನಾಲ್ಕು ಜಿಬಿ ಎಂದು ಲೆಕ್ಕವೂ ಬಂದಿತು. ಶಿಷ್ಯನು ಕೈತಟ್ಟಿದನು.

“ಎದ್ದಿತು, ಸರಿ. ನೆನಪು ಇದೆಯೋ ಇಲ್ಲವೋ ನೋಡು,” ಎಂದರು ಮೇಷ್ಟರು.

ಮೆಮೊರಿಯನ್ನು ಪರೀಕ್ಷಿಸುವುದಕ್ಕೆಂದೇ ಮೆಮ್‌ಟೆಸ್ಟ್ ಎಂಬ ತಂತ್ರಾಂಶವುಂಟು. ಅದು ಪ್ರತಿಯೊಂದು ಕೋಶಕ್ಕೂ ಒಂದು ಅಂಕೆಯನ್ನು ಹೇಳಿಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಒಪ್ಪಿಸೆಂದು ಕೇಳುತ್ತದೆ. ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ. ಮೊದಲನೆಯ ಸುತ್ತು ನಿರ್ವಿಘ್ನವಾಗಿ ಮುಗಿಯಿತು. ಎರಡನೆಯದೂ ಮುಗಿಯಿತು. ಶಿಷ್ಯನು ಬೇರೆ ಕೆಲಸಕ್ಕೆ ಹೋದನು. ಹೊರಗೆ ಮಳೆ ಜೋರಾಯಿತು. ಮೂರನೆಯ ಗಂಟೆಯಲ್ಲಿ ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು. ಕೊಂಚ ಹೊತ್ತಿನಲ್ಲಿ ಇನ್ನೊಂದು. ಕೊಟ್ಟ ಅಂಕೆ ಒಂದು, ಒಪ್ಪಿಸಿದ ಅಂಕೆ ಇನ್ನೊಂದು. ಎರಡಕ್ಕೂ ವ್ಯತ್ಯಾಸ ಒಂದೇ ಬಿಟ್ಟು.

ತುಂಡೇ ಕೆಟ್ಟಿದುದಾಗಿರಬಹುದಲ್ಲವೇ ಎಂದು ಶಿಷ್ಯನು ಸಂಶಯಪಟ್ಟನು. ಸಂಶಯವು ನ್ಯಾಯವಾದುದು, ಅದನ್ನು ಪರಿಹರಿಸುವ ಮಾರ್ಗವನ್ನೂ ಮೇಷ್ಟರೇ ಹಿಂದೆ ಅವನಿಗೆ ಕಲಿಸಿದ್ದರು. ಅದೇ ತುಂಡನ್ನು 2011ರ ಯಂತ್ರದಲ್ಲಿಟ್ಟು ರಾತ್ರಿಯೆಲ್ಲ ಅದೇ ಪರೀಕ್ಷೆಯನ್ನು ನಡೆಸಿದರು. ಅಲ್ಲಿ 1.5 ವೋಲ್ಟ್ ದೊರೆಯುತ್ತಿದ್ದಿತು. ಬೆಳಗಿನವರೆಗೆ ಒಂದು ತಪ್ಪೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಹಳೆಯ ತುಂಡೊಂದನ್ನೇ ಇಟ್ಟು ಪರೀಕ್ಷಿಸಿದರು; ಅಲ್ಲಿಯೂ ತಪ್ಪಿಲ್ಲ. ಎರಡೂ ತಮ್ಮ ತಮ್ಮ ಮನೆಯಲ್ಲಿ ಸುಸ್ಥವಾಗಿವೆ. ಕೂಡಿಸಿದಲ್ಲಿ ಮಾತ್ರ ದೋಷ. ಒತ್ತಡ ಸಾಲದಿದ್ದಾಗ ಗುಡಾಣವು ತುಂಬಿದೆಯೋ ಬರಿದಾಗಿದೆಯೋ ಎಂದು ನಿರ್ಣಯಿಸುವುದಕ್ಕೆ ಇರತಕ್ಕ ಅಂತರವು ಕಿರಿದಾಗುತ್ತದೆ. ಬಹುಪಾಲು ಸಲ ನಿರ್ಣಯವು ಸರಿಯಾಗುತ್ತದೆ. ಯಂತ್ರ ಬಿಸಿಯೇರಿದಾಗಲೋ, ನೆರೆಯ ಕೋಶಗಳ ಗಲಭೆ ಹೆಚ್ಚಿದಾಗಲೋ ಎಲ್ಲಿಯೋ ಒಂದು ಕಡೆ ತಪ್ಪುತ್ತದೆ. ಪೂರ್ತಿಯಾಗಿ ಏಳದಿದ್ದ ಯಂತ್ರವೇ ವಾಸಿ. ಎದ್ದು, ನಗುತ್ತ, ಸುಳ್ಳು ಹೇಳುವುದು ಕಷ್ಟ.

ಇನ್ನೊಂದು ಬಗೆಯ ತಪ್ಪು ಇದಕ್ಕೆ ವಿಪರೀತವಾದುದು. ಅಲ್ಲಿ ಒತ್ತಡವು ಸಾಲದೆ ಬರುವುದಿಲ್ಲ, ಮಿಗುತ್ತದೆ. 2008ರಲ್ಲಿ ಇಂಟೆಲ್ ಸಂಸ್ಥೆಯು ಮೆಮೊರಿಯನ್ನು ಆಳುವ ಭಾಗವನ್ನು ಕೋರ್ ಐ7 ಪ್ರೊಸೆಸರಿನ ಒಳಕ್ಕೇ ತಂದುಕೊಂಡಾಗ, ಮೆಮೊರಿಗೆ 1.65 ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಪ್ರೊಸೆಸರಿಗೇ ಹಾನಿಯಾದೀತೆಂದು ಎಚ್ಚರಿಸಿತು. 2015ರ ಸ್ಕೈಲೇಕ್ ಪ್ರೊಸೆಸರುಗಳು 1.2 ವೋಲ್ಟಿನ ಡಿಡಿಆರ್4ಕ್ಕೂ 1.35 ವೋಲ್ಟಿನ ಡಿಡಿಆರ್3ಎಲ್‌ಗೂ ಹೊಂದುವಂಥವು, ಅವುಗಳೊಡನೆ 1.5 ವೋಲ್ಟಿನ ಹಳೆಯ ಡಿಡಿಆರ್3ನ್ನು ಬಹುಕಾಲ ಬಳಸಬಾರದೆಂದು ಹೇಳಿದರೂ, ಕೈಯಲ್ಲಿದ್ದ ಹಳೆಯ ತುಂಡನ್ನು ಉಳಿಸಿಕೊಳ್ಳುವ ಆಸೆಯಿಂದ ಬಳಸಿದವರುಂಟು. ಸಾವಿರ ರೂಪಾಯಿಯ ವಸ್ತುವನ್ನು ಉಳಿಸಲು ಹೋಗಿ ಹತ್ತು ಸಾವಿರದ ವಸ್ತುವನ್ನು ಒಡ್ಡುವ ವ್ಯಾಪಾರ ಅದು. ಈಚಿನ ಡಿಡಿಆರ್5ರಲ್ಲಿ ಈ ಜವಾಬ್ದಾರಿಯನ್ನು ತುಂಡೇ ವಹಿಸಿಕೊಂಡಿದೆ. ಮೇಜಿನ ಕಂಪ್ಯೂಟರಿನಲ್ಲಿ ಬೋರ್ಡು ಐದು ವೋಲ್ಟನ್ನು ಕೊಡುತ್ತದೆ. ತುಂಡಿನ ಮೇಲಿರುವ ಚಿಪ್ಪೊಂದು ಅದನ್ನು ತನಗೆ ಬೇಕಾದ 1.1ಕ್ಕೆ ಹದಮಾಡಿಕೊಳ್ಳುತ್ತದೆ. ಶಿಷ್ಯನು ಇದನ್ನು ಹೇಳಿದಾಗ ಮೇಷ್ಟರಿಗೆ ಸಂತೋಷವಾಯಿತು. ಆದರೆ ಅವರ ಯಂತ್ರವು ಆ ಕಾಲದ್ದಲ್ಲ.

ಬುಧವಾರ ರಾತ್ರಿ ಮಗನ ಫೋನು ಬಂದಿತು.

“ಹಾಕಿದ್ರಾ ಅಪ್ಪಯ್ಯ? ಈಗ ಓಡ್ತದಾ?”

ಮೇಷ್ಟರು ಸಂಗತಿಯನ್ನು ಹೇಳಿದರು. ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. “ಅಂಗಡಿಯವ ಎಲ್ಲ ಲ್ಯಾಪ್‌ಟಾಪಿಗೂ ಆಗ್ತದೆ ಅಂದ ಅಪ್ಪಯ್ಯ. ಮೂರು ಗಂಟೆಯಲ್ಲಿ ಎರಡು ಸಲ ತಪ್ಪಿದ್ರೆ ಏನಾಯ್ತು? ನೀವು ಒಂದು ಅಕ್ಷರ ಹಿಡ್ಕೊಂಡು ಕೂತ್ರೆ ಪುಸ್ತಕ ಯಾವಾಗ ಆಗೋದು? ಅಮ್ಮನ ತಿಥಿಗೆ ಇನ್ನು ಎಷ್ಟು ದಿನ ಇದೆ?”

ಮಾತಿನಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು. ತಂದೆ ಬಾಯಿಬಿಟ್ಟು ಕೇಳಿದ್ದು ಇದೊಂದನ್ನು. ಅದೂ ಒಪ್ಪಿಗೆಯಾಗಲಿಲ್ಲವಲ್ಲ ಎಂಬ ನೋವು. ಮೇಷ್ಟರು ಅದನ್ನು ಅರಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲನೆ ಹೇಳಿದರು:

“ಕಂಪ್ಯೂಟರಿನಲ್ಲಿ ನಮ್ಮ ಅಕ್ಷರಕ್ಕೆಲ್ಲ ಒಂದೊಂದು ನಂಬರು ಇರ್ತದಲ್ಲ ಮಗಾ, ಈವತ್ತು ಆ ಪಟ್ಟಿ ತೆಗೆದು ನೋಡಿದೆ. ಯೂನಿಕೋಡಿನಲ್ಲಿ ‘ಲ’ಕ್ಕೆ 3250. ‘ಳ’ಕ್ಕೆ 3251. ಎರಡಂಕಿಯ ಲೆಕ್ಕದಲ್ಲಿ ಬರೆದರೆ ಕಡೆಯ ಅಂಕಿ ಒಂದೇ ಬೇರೆ. ಒಂದು ಬಿಟ್ಟು.”

“ಅದಕ್ಕೆ?”

“ನಿನ್ನಮ್ಮ ಬರೆದ ಮದುವೆ ಹಾಡಿನಲ್ಲಿ, ತೊಟ್ಟಿಲ ಹಾಡಿನಲ್ಲಿ ‘ಹಾಲು’ ಎಷ್ಟು ಕಡೆ ಬರ್ತದೆ ಹೇಳು. ಒಂದು ಬಿಟ್ಟು ತಪ್ಪಿದರೆ ಅದು ‘ಹಾಳು’. ನಾನು ಪುಟ ತಿದ್ದಿ ಉಳಿಸುವ ಹೊತ್ತಿನಲ್ಲೇ ತಪ್ಪಿದರೆ ತಪ್ಪಿದ್ದೇ ಡಿಸ್ಕಿಗೆ ಹೋಗ್ತದೆ. ಯಾವ ಹಾಡಿನಲ್ಲಿ, ಯಾವ ಸಾಲಿನಲ್ಲಿ ಅಂತ ಯಾರಿಗೆ ಗೊತ್ತಾಗ್ತದೆ? ಕೇಳುವುದಕ್ಕೆ ಅವಳು ಇಲ್ಲವಲ್ಲ.”

ಮೇಷ್ಟರು ಹೇಳಿದುದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಕನ್ನಡದ ವರ್ಣಮಾಲೆಯನ್ನು ಅಂಕೆಗಳಲ್ಲಿ ಜೋಡಿಸಿದ ಕ್ರಮದಲ್ಲಿ ಇಂಥ ನೆರೆಹೊರೆಗಳು ಹಲವಿವೆ. ‘ದ’ದಿಂದ ‘ಧ’ಕ್ಕೂ, ‘ಬ’ದಿಂದ ‘ಭ’ಕ್ಕೂ ಒಂದೇ ಬಿಟ್ಟಿನ ದೂರ, ‘ದನ’ವು ‘ಧನ’ವಾಗಲು, ‘ಬಾಗಿ’ಯು ‘ಭಾಗಿ’ಯಾಗಲು ಒಂದೇ ಕೋಶವು ಮರೆತರೆ ಸಾಕು. 3400 ಕೋಟಿ ಕೋಶಗಳಲ್ಲಿ ಎಡವಿದ ಒಂದು ಕೋಶವು ಹಾಡಿನ ಮೇಲೆಯೇ ಬೀಳಬೇಕೆಂದಿಲ್ಲ. ಬೀಳುವ ಸಂಭವವು ಬಲು ಸ್ವಲ್ಪ. ಆದರೆ ಬಿದ್ದರೆ ಹೊಗೆಯಿಲ್ಲ, ಕಮಟು ವಾಸನೆಯಿಲ್ಲ. 1979ರ ಯಂತ್ರವು ಸುಟ್ಟು ತನ್ನ ತಪ್ಪನ್ನು ಒಪ್ಪಿಕೊಂಡಿತ್ತು, ಇದು ಒಪ್ಪಿಕೊಳ್ಳುವುದಿಲ್ಲ. ಅಚ್ಚಾದ ಪುಸ್ತಕವನ್ನು ಹಿಡಿದು ಯಾವಳೋ ಮೊಮ್ಮಗಳು ಮದುವೆಯ ಮನೆಯಲ್ಲಿ ಹಾಡುವ ದಿನದವರೆಗೆ ಅದು ಕಾದಿದ್ದೀತು.

ಮಗನು ಬಹಳ ಹೊತ್ತು ಮಾತಾಡಲಿಲ್ಲ. ತಾಯಿ ಟೇಪ್ ರೆಕಾರ್ಡರಿನ ಕಥೆಯನ್ನು ಅವನಿಗೆ ಹೇಳಿದ್ದಳೋ ಇಲ್ಲವೋ. ಗೋಡೆಯ ಚೀಟಿಯನ್ನಂತೂ ಅವನು ಹುಟ್ಟಿದಂದಿನಿಂದ ನೋಡಿದ್ದನು. ಕಡೆಗೆ ಕೇಳಿದನು:

“ಹಳೇ ರ‍್ಯಾಮಿನ ಮೇಲೆ ಏನು ಬರೆದಿದೆ, ಒಂದೊಂದೇ ಅಕ್ಷರ ಓದಿ ಹೇಳಿ ಅಪ್ಪಯ್ಯ. ಬರ್ಕೊಳ್ತೇನೆ.”

ಮೇಷ್ಟರು ಕನ್ನಡಕವನ್ನು ಏರಿಸಿಕೊಂಡು, ತರಗತಿಯಲ್ಲಿ ಉಕ್ತಲೇಖನ ಹೇಳಿದಂತೆ, ನಿಧಾನವಾಗಿ ಓದಿದರು. ಮಗನು ಬರೆದುಕೊಂಡು ತಿರುಗಿ ಓದಿದನು; ‘ಎಲ್’ ಬಂದಾಗ ಎರಡು ಸಲ ಹೇಳಿದನು. ಕೈಪಿಡಿಯ ಸಾಲನ್ನೂ ಕೇಳಿ ಬರೆದುಕೊಂಡನು.

ಭಾನುವಾರ ಬೆಳಿಗ್ಗೆ, ಕೊರಿಯರಿಗೆ ಬದಲು, ಮಗನೇ ರಾತ್ರಿಯ ಬಸ್ಸಿನಲ್ಲಿ ಬಂದಿಳಿದನು. ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಬೇರೆ ಹಣ ಕೊಟ್ಟು ಇನ್ನೊಂದನ್ನು ಕೊಂಡು ತಂದಿದ್ದನು. ಚೀಟಿಯಲ್ಲಿ ‘ಎಲ್’ ಇದ್ದಿತು. ತಂದೆ ಮಕ್ಕಳು ಚಾಪೆಯ ಮೇಲೆ ಎದುರುಬದುರಾಗಿ ಕುಳಿತರು. ಈ ಸಲ ತೂರಿಸಿ ಒತ್ತಿದವನು ಮಗ. ‘ಟಕ್’ ಎಂಬ ಸದ್ದು ಮೊದಲಿನಂತೆಯೇ ಬಂದಿತು, ಅದರಲ್ಲಿ ಭೇದವೇನೂ ಇರಲಿಲ್ಲ. ಡಿಸ್ಕನ್ನು ಹೊರಗಿಟ್ಟು ಹಗಲೆಲ್ಲ ಪರೀಕ್ಷೆಯನ್ನು ನಡೆಸಿದರು. ಕೆಂಪು ಸಾಲು ಮೂಡಲಿಲ್ಲ. ಸಂಜೆ ಡಿಸ್ಕನ್ನು ಹಾಕಿ ಹಾಡುಗಳನ್ನು ತೆರೆದರು. ಪುಟಗಳು ತಡೆಯಿಲ್ಲದೆ ಸರಿದುವು. ಯಾವುದೋ ಒಂದು ಹಾಡನ್ನು ಕಂಡು ಮಗನು ಓದುವುದನ್ನು ನಿಲ್ಲಿಸಿ ಮೆಲ್ಲನೆ ಗುನುಗಿದನು. ತಂದೆ ಪುಟ ಸರಿಸದೆ ಕಾದರು.

ಮೊದಲು ಬಂದ ತುಂಡು ವ್ಯರ್ಥವಾಗಲಿಲ್ಲ. ಶಿಷ್ಯನ ಅಂಗಡಿಯಲ್ಲಿದ್ದ 2011ರ ಲ್ಯಾಪ್‌ಟಾಪಿಗೆ ಅದು ಹೇಳಿ ಮಾಡಿಸಿದಂತಿದ್ದಿತು. ಅವನು ಅದಕ್ಕೆ ನ್ಯಾಯವಾದ ಬೆಲೆಯನ್ನು ಕೊಟ್ಟು ಇಟ್ಟುಕೊಂಡನು. ಅದರಲ್ಲಿ ಯಾವ ದೋಷವೂ ಇರಲಿಲ್ಲವಷ್ಟೆ.

ಮಗನು ರಾತ್ರಿಯ ಬಸ್ಸಿಗೆ ಹೊರಟುಹೋದ ಮೇಲೆ ಮೇಷ್ಟರು ಒಂದು ಸಣ್ಣ ಕಾಗದವನ್ನು ಕತ್ತರಿಸಿ, ‘1.35 ವೋಲ್ಟ್. ಎಲ್ ಅಕ್ಷರವನ್ನು ನೋಡುವುದು’ ಎಂದು ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿದರು. ಅನಂತರ ಏನನ್ನೋ ನೆನೆದುಕೊಂಡು, ಮಸಿ ಆರುವ ಮೊದಲೇ ಅದರ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿದರು: ‘ಕೇಳಿ ಹಾಕುವುದು.’